ಸೂತ್ರ ಯಾರ ಕೈಯಲ್ಲಿತ್ತು?

ಓದುಗರ ಪತ್ರ

ರಷ್ಯಾದ ಅಂದಿನ ರಾಜಧಾನಿ ಪೆಟ್ರೋಗ್ರಾಡ್‌ನಲ್ಲಿ 1917ರಲ್ಲಿ, ಇರಾನಿನ ಟೆಹ್ರಾನ್‌ನಲ್ಲಿ 1978ರಲ್ಲಿ ಸಿಂಹಾಸನ ಅಲುಗಾಡಿದ್ದನ್ನು ವಿದೇಶಿ ರಾಯಭಾರಿಗಳು ಹೇಗೆ ಕಂಡರು ಎಂಬ ನಿಮ್ಮ ಕಳೆದ ಸಂಚಿಕೆಯ ಲೇಖನ ಓದಿದೆ. ಅವರು ಬರೀ ಕಂಡರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬ್ರಿಟನ್, ಅಮೆರಿಕ ಮನಸ್ಸು ಮಾಡದೆ ಆ ಇಬ್ಬರು ದೊರೆಗಳು ಬೀಳುತ್ತಿರಲಿಲ್ಲ. ಅಷ್ಟೊಂದು ಸಿಬ್ಬಂದಿ, ಅಷ್ಟೊಂದು ಗೂಢಚಾರರು ಇದ್ದೂ ಏನೂ ಗೊತ್ತಾಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಎಲ್ಲ ಮುಗಿದ ಮೇಲೆ ಆತ್ಮಕಥೆ ಬರೆದು ಕೈತೊಳೆದುಕೊಂಡವರ ಮಾತನ್ನು ನಿಮ್ಮ ಪತ್ರಿಕೆ ಹೀಗೆ ಒಪ್ಪಿಕೊಂಡದ್ದು ಬೇಸರ ತಂದಿತು.

ಸಂಪಾದಕರ ಉತ್ತರ

ಮಾನ್ಯರೇ,

ಆ ಲೇಖನವನ್ನು ಹೊಗಳಿ ಬಂದ ಪತ್ರಗಳು ಸಾಕಷ್ಟಿವೆ. ಜಗಳಕ್ಕೆ ನಿಂತದ್ದು ನಿಮ್ಮದೊಂದೇ. ಜಗಳದ ಪತ್ರಕ್ಕೆ ಚುಟುಕಾಗಿ ಉತ್ತರಿಸಿದರೆ ನುಣುಚಿಕೊಂಡಂತೆ ಕಾಣುತ್ತದೆ. ಹಾಗಾಗಿ ಈ ಬಾರಿಯ ಪುಟಗಳು ನಿಮಗೇ ಮೀಸಲು.

ನಿಮ್ಮ ಸಂಶಯಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಮೊದಲು ಸಲ್ಲಿಸುತ್ತೇನೆ. ಇರಾನಿನ ಮಟ್ಟಿಗೆ ಅದು ಗಾಳಿಯಲ್ಲಿ ಹುಟ್ಟಿದ ಸಂಶಯವಲ್ಲ. 1941ರಲ್ಲಿ ಬ್ರಿಟಿಷ್ ಮತ್ತು ಸೋವಿಯತ್ ಸೇನೆಗಳು ಇರಾನಿಗೆ ನುಗ್ಗಿದವು. ದೊರೆ ರೆಜಾ ಷಾ ಪಟ್ಟ ಬಿಡಬೇಕಾಯಿತು. ಇಪ್ಪತ್ತೊಂದರ ಹರೆಯದ ಮಗ ಮಹಮ್ಮದ್ ರೆಜಾ ಸಿಂಹಾಸನವೇರಿದ್ದು ಪರಕೀಯ ಸೇನೆಯ ಎದುರಿನಲ್ಲಿ. 1953ರಲ್ಲಿ, ತೈಲ ಉದ್ಯಮವನ್ನು ರಾಷ್ಟ್ರೀಕರಣ ಮಾಡಿದ್ದ ಪ್ರಧಾನಿ ಮೊಸದ್ದೆಕ್ ಅವರನ್ನು ಕೆಳಗಿಳಿಸಿದ ಸಂಚಿನಲ್ಲಿ ಅಮೆರಿಕದ ಸಿಐಎ ಇತ್ತು, ಬ್ರಿಟನ್ನಿನ ಗುಪ್ತಚರ ಸಂಸ್ಥೆಯೂ ಇತ್ತು. ಆ ಗಲಭೆಯಲ್ಲಿ ಬಾಗ್ದಾದ್ ಮೂಲಕ ರೋಮ್‌ವರೆಗೆ ಓಡಿಹೋಗಿದ್ದ ಮಹಮ್ಮದ್ ರೆಜಾ ಷಾ ಕೆಲವೇ ದಿನಗಳಲ್ಲಿ ಮರಳಿ ಬಂದು ಅರಮನೆ ಸೇರಿದರು. ಇಷ್ಟನ್ನು ಕಂಡ ದೇಶದಲ್ಲಿ ಹಾಲು ಒಡೆದರೂ ಇಂಗ್ಲಿಷರ ಕೈವಾಡ ಎನ್ನುವವರು ಇದ್ದರೆ ಅಚ್ಚರಿಯಿಲ್ಲ.

ಆದರೆ 1978ರಲ್ಲಿ ನಿಮ್ಮ ಮಾತನ್ನೇ ನಂಬಿದ್ದ ಇನ್ನೊಬ್ಬರಿದ್ದರು. ಅವರು ಸ್ವತಃ ಷಾ. ಬೀದಿಯಲ್ಲಿ ಜನ ಕೂಗಿದರೆ ಅದರ ಹಿಂದೆ ಲಂಡನ್ ಇರಬೇಕು, ಇಲ್ಲವೇ ವಾಷಿಂಗ್ಟನ್ ಇರಬೇಕು ಎಂಬುದು ಅವರ ಮೊದಲ ಯೋಚನೆ. ಬಿಬಿಸಿಯ ಪರ್ಷಿಯನ್ ಪ್ರಸಾರದ ಬಗ್ಗೆ ಬ್ರಿಟಿಷ್ ರಾಯಭಾರಿಯ ಬಳಿ ಮತ್ತೆ ಮತ್ತೆ ದೂರುತ್ತಿದ್ದರು. ರಾಯಭಾರಿಯ ಕೈಯಲ್ಲಿ ಸೂತ್ರವಿದೆ ಎಂಬ ಈ ನಂಬಿಕೆ ನಿಜವಾದ ಸೂತ್ರಕ್ಕಿಂತ ಹೆಚ್ಚು ಹಾನಿ ಮಾಡಿತು ಎಂಬುದು ನನ್ನ ವಾದ. ಈ ವಾದವನ್ನು ಸಾಬೀತುಪಡಿಸಲು ಮೊದಲು ರಷ್ಯಾಕ್ಕೆ ಹೋಗಬೇಕು.

ಬ್ರಿಟಿಷ್ ರಾಯಭಾರಿ ಜಾರ್ಜ್ ಬುಕಾನನ್ 1910ರಿಂದ ಅಲ್ಲಿದ್ದವರು. ತ್ಸಾರ್, ಅಂದರೆ ಚಕ್ರವರ್ತಿ, ಎರಡನೆಯ ನಿಕೊಲಾಸ್ ಅವರಿಗೆ ಪರಿಚಿತರು. ಭೇಟಿಗೆ ಹೋದಾಗಲೆಲ್ಲ ತ್ಸಾರ್ ತಮ್ಮ ಓದುಕೋಣೆಗೆ ಕರೆಸಿಕೊಂಡು, ಕೂರಿಸಿ, ಸಿಗರೇಟು ಪೆಟ್ಟಿಗೆ ಮುಂದಿಡುತ್ತಿದ್ದರು. 1917ರ ಜನವರಿ 12ರಂದು ತ್ಸಾರ್ಸ್ಕೊಯೆ ಸೆಲೊ ಅರಮನೆಗೆ ಹೋದಾಗ ಅದೆಲ್ಲ ಇರಲಿಲ್ಲ. ಭೇಟಿ ಏರ್ಪಾಡಾಗಿದ್ದದ್ದು ದರ್ಬಾರಿನ ಕೋಣೆಯಲ್ಲಿ. ದೊರೆ ನಡುಕೋಣೆಯಲ್ಲಿ ನಿಂತೇ ಇದ್ದರು. ನಿಂತ ದೊರೆಯ ಮುಂದೆ ರಾಯಭಾರಿ ಕೂರುವಂತಿಲ್ಲ. ಅಂದರೆ, ಬಂದ ಕೆಲಸ ಬೇಗ ಮುಗಿಸಿ ಎಂದು ಅರ್ಥ. ಬುಕಾನನ್ ಆದರೂ ಬಿಡಲಿಲ್ಲ. ತಮ್ಮ ಸರ್ಕಾರದ ಪರವಾಗಿ ಅಲ್ಲ, ಸ್ವಂತ ಹೊಣೆಯ ಮೇಲೆ ಮಾತನಾಡುತ್ತಿದ್ದೇನೆ ಎಂದು ಹೇಳಿ, ಪ್ರಜೆಗಳಿಗೂ ನಿಮಗೂ ನಡುವೆ ಎದ್ದಿರುವ ಗೋಡೆ ಕೆಡವಿ ಅವರ ವಿಶ್ವಾಸವನ್ನು ಮತ್ತೆ ಗಳಿಸಿಕೊಳ್ಳಿ ಎಂದರು. ತ್ಸಾರ್ ಕೇಳಿದ ಮರುಪ್ರಶ್ನೆ ಪ್ರಸಿದ್ಧವಾಗಿದೆ: ನಾನು ನನ್ನ ಪ್ರಜೆಗಳ ವಿಶ್ವಾಸ ಗಳಿಸಬೇಕೋ, ಅವರು ನನ್ನ ವಿಶ್ವಾಸ ಗಳಿಸಬೇಕೋ? ಎರಡೂ ಆಗಬೇಕು ಎಂದು ಬುಕಾನನ್ ಉತ್ತರಿಸಿದರು. ಬೀಳ್ಕೊಡುವಾಗ ತ್ಸಾರ್ ಕೈಕುಲುಕಿ ಧನ್ಯವಾದ ಹೇಳಿದರಂತೆ. ಆಮೇಲೆ ಏನೂ ಬದಲಾಗಲಿಲ್ಲ. ಎರಡು ತಿಂಗಳು ಕಳೆದು ಮಾರ್ಚ್ 15ರಂದು ಅವರು ಸಿಂಹಾಸನ ತ್ಯಜಿಸಿದರು.

ಸೂತ್ರ ಹಿಡಿದವನು ಹೀಗೆ ನಿಂತುಕೊಂಡು ಬೇಡುವುದಿಲ್ಲ. ಬುಕಾನನ್ ರಷ್ಯಾದ ಸಂಸತ್ತಾದ ಡ್ಯೂಮಾದ ಉದಾರವಾದಿ ನಾಯಕರ ಜೊತೆ ಬಳಕೆ ಇಟ್ಟುಕೊಂಡಿದ್ದರು ಎಂಬುದು ನಿಜ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಅದನ್ನೇ ಹಿಡಿದು, ಕ್ರಾಂತಿ ಮೊಳೆತದ್ದೇ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಎಂದು ಅರಮನೆಯ ಕಡೆಯವರು ಮುಂದೆ ದೂರಿದರು. ರಾಜಮನೆತನದ ಗ್ರ್ಯಾಂಡ್ ಡ್ಯೂಕ್ ಪಾವೆಲ್ ಅವರ ಪತ್ನಿ ಅದನ್ನು ಅಚ್ಚಿನಲ್ಲೇ ಬರೆದರು. ಎಚ್ಚರಿಕೆ ಹೇಳಿದವನೇ ಆರೋಪಿಯಾದ. ಬ್ರಿಟನ್‌ಗೆ ಆ ಚಳಿಗಾಲದಲ್ಲಿ ಬೇಕಾಗಿದ್ದದ್ದು ಒಂದೇ: ರಷ್ಯಾದ ಸೇನೆ ಜರ್ಮನಿಯ ವಿರುದ್ಧ ಯುದ್ಧದಲ್ಲಿ ಉಳಿಯಬೇಕು. ಅರಸ ಇದ್ದರೂ ಸರಿ, ಡ್ಯೂಮಾ ಇದ್ದರೂ ಸರಿ. ಈ ಒಂದು ಆಸೆಯೇ ಅವರ ಕಣ್ಣಿಗೆ ಪೊರೆಯಾಯಿತು. 1917ರ ಆರಂಭದಲ್ಲಿ ಲಾರ್ಡ್ ಮಿಲ್ನರ್ ನೇತೃತ್ವದ ನಿಯೋಗ ಪೆಟ್ರೋಗ್ರಾಡ್‌ಗೆ ಬಂದು, ವಾರಗಟ್ಟಲೆ ಔತಣ, ಸಭೆ ನಡೆಸಿ, ಕ್ರಾಂತಿಯ ಮಾತು ಅತಿಶಯೋಕ್ತಿ ಎಂಬ ಅಭಿಪ್ರಾಯ ಹೊತ್ತು ಲಂಡನ್‌ಗೆ ಮರಳಿತು. ಬುಕಾನನ್ ತಾವೇ ಫಿನ್ಲೆಂಡ್‌ಗೆ ವಿಶ್ರಾಂತಿಗೆ ಹೋಗಿದ್ದರು. ಮಾರ್ಚ್ 11ರಂದು ಊರಿಗೆ ಮರಳುವಾಗ ರೊಟ್ಟಿಗಾಗಿ ಬೀದಿಗಿಳಿದ ಹೆಂಗಸರ ಮೆರವಣಿಗೆ ಸಾರ್ವತ್ರಿಕ ಮುಷ್ಕರವಾಗಿ ಬೆಳೆದಿತ್ತು. ಮರುದಿನವೇ ಕಾವಲು ಪಡೆ ದಂಗೆ ಎದ್ದಿತು.

ಇಲ್ಲಿ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ: ಗೊತ್ತಿರಲಿಲ್ಲವೇ? ಗೊತ್ತಿತ್ತು. ಏನು ಗೊತ್ತಿತ್ತು ಎಂದು ಕೇಳಬೇಕು. ಪೆಟ್ರೋಗ್ರಾಡ್‌ನ ರಾಯಭಾರಿಗಳು ಒಂದು ಕ್ರಾಂತಿಯನ್ನು ನಿರೀಕ್ಷಿಸುತ್ತಲೇ ಇದ್ದರು. ಅದು ಅರಮನೆಯ ಕ್ರಾಂತಿ. ಗ್ರ್ಯಾಂಡ್ ಡ್ಯೂಕ್‌ಗಳು ಸೇರಿ ರಾಣಿಯನ್ನು ಮಠಕ್ಕೆ ಕಳುಹಿಸುತ್ತಾರೆ, ತ್ಸಾರ್ ಅವರನ್ನು ಇಳಿಸಿ ಮಗನನ್ನು ಕೂರಿಸುತ್ತಾರೆ ಎಂಬ ಮಾತು ಅವರ ಊಟದ ಮೇಜಿನಲ್ಲಿಯೇ ನಡೆಯುತ್ತಿತ್ತು. ರಾಣಿಯ ಆಪ್ತನಾಗಿದ್ದ ರಾಸ್‌ಪುಟಿನ್ ಕೊಲೆಯಾದಾಗ, ಇನ್ನೇನು ಅದೇ ಎಂದುಕೊಂಡರು. ಅವರ ಜೊತೆ ಊಟ ಮಾಡುತ್ತಿದ್ದವರು ಹೇಳಬಲ್ಲ ಕ್ರಾಂತಿ ಅದೊಂದೇ. ರೊಟ್ಟಿಯ ಸರದಿಯಲ್ಲಿ ನಿಂತವರು ಯಾವ ರಾಯಭಾರಿಯ ಜೊತೆಗೂ ಊಟ ಮಾಡುವುದಿಲ್ಲ. ಬುಕಾನನ್ ರಷ್ಯನ್ ಭಾಷೆ ಬಲ್ಲವರೂ ಆಗಿರಲಿಲ್ಲ. ಆಸ್ಥಾನದಲ್ಲಿ ಫ್ರೆಂಚ್, ಇಂಗ್ಲಿಷ್ ನಡೆಯುತ್ತಿದ್ದುದರಿಂದ ಆ ಕೊರತೆ ಅವರಿಗೆ ಅಡ್ಡಿಯೆನಿಸಲೇ ಇಲ್ಲ.

ಟೆಹ್ರಾನ್‌ನಲ್ಲಿ ನಡೆದದ್ದು ಇದೇ ಬಗೆಯ ಕುರುಡು, ಇನ್ನಷ್ಟು ದೊಡ್ಡ ಪ್ರಮಾಣದಲ್ಲಿ. 1977ರ ಡಿಸೆಂಬರ್ 31ರ ರಾತ್ರಿ ನಿಯಾವರಾನ್ ಅರಮನೆಯ ಔತಣದಲ್ಲಿ ಅಧ್ಯಕ್ಷ ಕಾರ್ಟರ್ ಇರಾನನ್ನು ಪ್ರಕ್ಷುಬ್ಧ ಪ್ರದೇಶದ ನಡುವಿನ ಸ್ಥಿರತೆಯ ದ್ವೀಪ ಎಂದು ಕೊಂಡಾಡಿದರು. ಒಂದು ವಾರ ಕಳೆಯಿತು. ಎತ್ತೆಲಾತ್ ಪತ್ರಿಕೆಯಲ್ಲಿ ಕಲ್ಪಿತ ಹೆಸರಿನಲ್ಲಿ ಒಂದು ಲೇಖನ ಬಂತು. ದೇಶಭ್ರಷ್ಟರಾಗಿ ಇರಾಕಿನಲ್ಲಿದ್ದ ಷಾ ವಿರೋಧಿ ಧರ್ಮಗುರು ಆಯತೊಲ್ಲಾ ಖೊಮೇನಿ ಅವರನ್ನು ಹೀಯಾಳಿಸಿ ಸರ್ಕಾರದ ಕಡೆಯಿಂದಲೇ ಬರೆಸಿದ್ದ ಲೇಖನ ಅದು. ಅವರನ್ನು ‘ಹಿಂದಿ ಸೈಯದ್’ ಎಂದು ಕರೆದು, ಬ್ರಿಟಿಷರ ನಂಟನ್ನೂ ಅಂಟಿಸಿತ್ತು. (‘ಹಿಂದಿ’ ಎಂದರೆ ಭಾರತದವನು; ಅವರ ಅಜ್ಜ ನಮ್ಮ ಅವಧ್ ಪ್ರಾಂತ್ಯದಿಂದ ಹೋದವರು, ಅದನ್ನೇ ಬೈಗುಳವಾಗಿ ಬಳಸಿದ್ದರು.) ನೋಡಿ, ಅರಮನೆಗೆ ತನ್ನ ಶತ್ರುವನ್ನು ಬೈಯಲು ಸಿಕ್ಕ ದೊಡ್ಡ ಬೈಗುಳವೂ ‘ವಿದೇಶಿಯರ ಕೈಗೊಂಬೆ’ ಎಂಬುದೇ. ಜನವರಿ 9ರಂದು ಕೋಮ್ ನಗರದಲ್ಲಿ ಮದ್ರಸಾ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಗುಂಡು ಹಾರಿತು, ಜನ ಸತ್ತರು.

ಆಮೇಲಿನದು ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವೆನಿಸುವ ಭಾಗ. ಷಿಯಾ ಸಂಪ್ರದಾಯದಲ್ಲಿ ಸಾವಿನ ನಲವತ್ತನೆಯ ದಿನ ಶೋಕಸಭೆ ಸೇರುತ್ತದೆ. ಕೋಮ್‌ನಲ್ಲಿ ಸತ್ತವರಿಗಾಗಿ ಫೆಬ್ರವರಿ 18ರಂದು ತಬ್ರೀಜ್‌ನಲ್ಲಿ ಸಭೆ ಸೇರಿತು, ಅಲ್ಲಿ ಗಲಭೆಯಾಯಿತು, ಮತ್ತೆ ಜನ ಸತ್ತರು. ತಬ್ರೀಜ್‌ನಲ್ಲಿ ಸತ್ತವರಿಗಾಗಿ ಮಾರ್ಚ್ ಕೊನೆಯಲ್ಲಿ ಯಜ್ದ್ ಮತ್ತಿತರ ಊರುಗಳಲ್ಲಿ. ಸರ್ಕಾರ ಪಕ್ಷಗಳನ್ನು ನಿಷೇಧಿಸಬಹುದು, ಪತ್ರಿಕೆ ಮುಚ್ಚಿಸಬಹುದು. ಸತ್ತವರಿಗಾಗಿ ಅಳುವುದನ್ನು ನಿಷೇಧಿಸಲು ಬರುವುದಿಲ್ಲ. ಸಭೆ ಕರೆಯುವವರಿಗೆ ಮಸೀದಿಯಿತ್ತು, ಹಣಕ್ಕೆ ಬಜಾರಿನ ವರ್ತಕರಿದ್ದರು, ಮಾತಿಗೆ ಕೈಯಿಂದ ಕೈಗೆ ಸಾಗುವ ಕ್ಯಾಸೆಟ್‌ಗಳಿದ್ದವು. ಪಂಚಾಂಗವೇ ಚಳವಳಿಯ ಕಾರ್ಯಕ್ರಮಪಟ್ಟಿಯಾಗಿತ್ತು. ಮುಂದಿನ ಗಲಭೆ ಯಾವ ದಿನ ಎಂದು ತಿಳಿಯಲು ಗೂಢಚಾರ ಬೇಕಿರಲಿಲ್ಲ.

ಹಾಗಾದರೆ ರಾಯಭಾರ ಕಚೇರಿಗಳು ಏನು ನೋಡುತ್ತಿದ್ದವು? ಅಮೆರಿಕ ನೋಡುತ್ತಿದ್ದದ್ದು ಉತ್ತರಕ್ಕೆ, ಸೋವಿಯತ್ ಗಡಿಯತ್ತ. ಸೋವಿಯತ್ ಕ್ಷಿಪಣಿ ಪರೀಕ್ಷೆಗಳನ್ನು ಕದ್ದಾಲಿಸುವ ಕೇಂದ್ರಗಳು ಇರಾನಿನ ನೆಲದಲ್ಲಿದ್ದವು. ಷಾ ಅವರಿಗೆ ಸಿಟ್ಟು ಬಂದರೆ ಅವು ಹೋಗುತ್ತವೆ ಎಂಬ ಅಳುಕು. ದೇಶದೊಳಗಿನ ಸುದ್ದಿಗೆ ಸಿಐಎ ಬಹುಮಟ್ಟಿಗೆ ನೆಚ್ಚಿದ್ದದ್ದು ಷಾ ಅವರದೇ ರಹಸ್ಯ ಪೊಲೀಸ್ ಪಡೆಯಾದ ಸವಾಕ್ ಅನ್ನು. ವಿರೋಧಿಗಳನ್ನು ಭೇಟಿಯಾದರೆ ದೊರೆ ಮುನಿಯುತ್ತಾರೆಂದು ಅಧಿಕಾರಿಗಳು ಅವರಿಂದ ದೂರವೇ ಉಳಿದರು. ಆಗ ಇರಾನಿನಲ್ಲಿ 40,000ಕ್ಕೂ ಹೆಚ್ಚು ಅಮೆರಿಕನ್ನರಿದ್ದರು; ಹೆಚ್ಚಿನವರು ವಾಸವಿದ್ದದ್ದು ತಮ್ಮದೇ ಜಗತ್ತಿನಲ್ಲಿ. ಬ್ರಿಟಿಷ್ ಕಚೇರಿಗೆ ವ್ಯಾಪಾರವೇ ಮುಖ್ಯವಾಗಿತ್ತು: ಚೀಫ್ಟನ್ ಟ್ಯಾಂಕುಗಳು, ಗುತ್ತಿಗೆಗಳು, ತೈಲ. ದೊಡ್ಡ ಗಿರಾಕಿಯ ಮನೆಯಲ್ಲಿ ಬಿರುಕು ಹುಡುಕುವ ಅಂಗಡಿಯವನು ಎಲ್ಲಿದ್ದಾನೆ?

ಕಂಡವರು ಇರಲಿಲ್ಲವೆಂದಲ್ಲ. ತಬ್ರೀಜ್‌ನ ಅಮೆರಿಕನ್ ಕಾನ್ಸುಲ್ ಮೈಕೆಲ್ ಮೆಟ್ರಿಂಕೊ ಪರ್ಷಿಯನ್ ಬಲ್ಲವರು, ಊರಿನಲ್ಲಿ ಓಡಾಡುವವರು. ಅಲ್ಲಿನ ಗಲಭೆಯ ಆಳವನ್ನು ಅವರು ವರದಿ ಮಾಡಿದರು. ಇಸ್ರೇಲಿನ ಪ್ರತಿನಿಧಿ ಉರಿ ಲುಬ್ರಾನಿ 1978ರ ಬೇಸಿಗೆಯಲ್ಲೇ ಷಾ ಆಳ್ವಿಕೆ ಹೆಚ್ಚು ದಿನ ಉಳಿಯದು ಎಂದು ಎಚ್ಚರಿಸಿದ್ದರು. ಅವರು ಮೊದಲು ಇಥಿಯೋಪಿಯದಲ್ಲಿ ರಾಯಭಾರಿಯಾಗಿ ಮತ್ತೊಬ್ಬ ಚಕ್ರವರ್ತಿಯ ಆಸ್ಥಾನ ಕಂಡವರು ಎಂಬುದನ್ನು ನಾನು ಕಾಕತಾಳೀಯ ಎಂದುಕೊಳ್ಳುವುದಿಲ್ಲ. ಇಂಥ ಮಾತುಗಳು ಕೆಳಗಿನಿಂದ ಮೇಲೆ ಏರುವಷ್ಟರಲ್ಲಿ ತೆಳುವಾದವು. ಆಗಸ್ಟಿನಲ್ಲಿ ಸಿಐಎ ಬರೆದ ಮೌಲ್ಯಮಾಪನದಲ್ಲಿ ಇರಾನ್ ಕ್ರಾಂತಿಯ ಸ್ಥಿತಿಯಲ್ಲಿಲ್ಲ, ಕ್ರಾಂತಿಪೂರ್ವ ಸ್ಥಿತಿಯಲ್ಲೂ ಇಲ್ಲ ಎಂದಿತ್ತು. ಆ ಬೇಸಿಗೆಯ ಬಹುಭಾಗ ಅಮೆರಿಕದ ರಾಯಭಾರಿ ವಿಲಿಯಂ ಸಲಿವನ್ ಆಗಲಿ, ಬ್ರಿಟನ್ನಿನ ಆಂಟನಿ ಪಾರ್ಸನ್ಸ್ ಆಗಲಿ ಟೆಹ್ರಾನ್‌ನಲ್ಲಿರಲಿಲ್ಲ, ಇಬ್ಬರೂ ರಜೆಯಲ್ಲಿದ್ದರು. ಕ್ರಾಂತಿ ಹೂಡುವವರು ಹೀಗೆ ರಜೆ ಹಾಕುತ್ತಾರೆಯೇ?

ಸೆಪ್ಟೆಂಬರ್ 8ರ ಬೆಳಗ್ಗೆ ಸೇನಾ ಕಾನೂನು ಜಾರಿಯಾದದ್ದು ತಿಳಿಯದೆ ಜಾಲೆ ಚೌಕದಲ್ಲಿ ನೆರೆದ ಜನರ ಮೇಲೆ ಗುಂಡು ಹಾರಿದ ಮೇಲೆ ಎಲ್ಲರಿಗೂ ಎಚ್ಚರವಾಯಿತು. ಆಗ ಶುರುವಾದ ಅರಮನೆ ಭೇಟಿಗಳನ್ನು ಇಬ್ಬರು ರಾಯಭಾರಿಗಳೂ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಹಲವು ಸಲ ಇಬ್ಬರನ್ನೂ ಒಟ್ಟಿಗೆ ಕರೆಸಿಕೊಳ್ಳುತ್ತಿದ್ದ ಷಾ ಕೇಳುತ್ತಿದ್ದದ್ದು ಒಂದೇ: ಏನು ಮಾಡಲಿ? ಸೇನಾ ಸರ್ಕಾರ ತರಲೇ? ವಿರೋಧ ಪಕ್ಷದವರನ್ನು ಕರೆಯಲೇ? ತ್ಸಾರ್ ರಾಯಭಾರಿಗೆ ಕುರ್ಚಿ ಕೊಡಲಿಲ್ಲ. ಷಾ ತಮ್ಮ ಕುರ್ಚಿಯ ನಿರ್ಧಾರವನ್ನೇ ರಾಯಭಾರಿಗಳ ಮುಂದಿಟ್ಟರು. ಒಬ್ಬರು ಯಾರ ಮಾತನ್ನೂ ಕೇಳಲಿಲ್ಲ, ಇನ್ನೊಬ್ಬರು ಕೇಳುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಅರಮನೆಯ ಹೊರಗೆ ಲಕ್ಷಗಟ್ಟಲೆ ಜನ ತಮಗೆ ಏನು ಬೇಕೆಂದು ಕೂಗಿ ಹೇಳುತ್ತಿದ್ದಾಗ, ದೊರೆ ಅದಕ್ಕೆ ಉತ್ತರವನ್ನು ವಾಷಿಂಗ್ಟನ್‌ನಿಂದ ತರಿಸಿಕೊಳ್ಳಲು ನೋಡುತ್ತಿದ್ದರು.

ವಾಷಿಂಗ್ಟನ್‌ನಲ್ಲೂ ಉತ್ತರ ಇರಲಿಲ್ಲ. ಭದ್ರತಾ ಸಲಹೆಗಾರ ಬ್ರಝಿನ್‌ಸ್ಕಿ ಗಟ್ಟಿಯಾಗಿ ನಿಲ್ಲಿ ಎಂದು ನೇರವಾಗಿ ಷಾ ಅವರಿಗೆ ಫೋನ್ ಮಾಡುತ್ತಿದ್ದರು; ವಿದೇಶಾಂಗ ಇಲಾಖೆ ರಾಜಿಯ ಕಡೆಗೆ ವಾಲಿತ್ತು. ನವೆಂಬರ್ 5ರಂದು ಟೆಹ್ರಾನ್ ಹೊತ್ತಿ ಉರಿಯಿತು. ಬ್ಯಾಂಕು, ಸಿನಿಮಾ ಮಂದಿರ, ಮದ್ಯದಂಗಡಿಗಳ ಜೊತೆಗೆ ಬ್ರಿಟಿಷ್ ರಾಯಭಾರ ಕಚೇರಿಗೂ ಬೆಂಕಿ ಬಿತ್ತು. ಕ್ರಾಂತಿಯ ಸೂತ್ರಧಾರರ ಕಚೇರಿಯನ್ನು ಕ್ರಾಂತಿಕಾರಿಗಳೇ ಸುಟ್ಟರೆಂಬುದಕ್ಕೆ ನೀವು ಏನು ವಿವರಣೆ ಕೊಡುತ್ತೀರೋ ನಾನು ಕಾಣೆ. ಮರುದಿನ ಷಾ ಸೇನಾ ಸರ್ಕಾರ ನೇಮಿಸಿದರು. ಅದೇ ದಿನ ದೂರದರ್ಶನದಲ್ಲಿ ನಿಮ್ಮ ಕ್ರಾಂತಿಯ ದನಿ ನನಗೆ ಕೇಳಿಸಿದೆ ಎಂದರು. ಬಂದೂಕು ಮತ್ತು ಕ್ಷಮೆಯಾಚನೆ ಒಂದೇ ದಿನ ಹೊರಬಂದದ್ದರಿಂದ ಎರಡಕ್ಕೂ ಬೆಲೆಯಿಲ್ಲದಾಯಿತು. ನವೆಂಬರ್ 9ರಂದು ಸಲಿವನ್ ಕಳುಹಿಸಿದ ತಂತಿಯ ತಲೆಬರಹ ‘ಯೋಚಿಸಲಾಗದ್ದನ್ನು ಯೋಚಿಸುವುದು’: ಷಾ ಹೋದರೆ ಮುಂದೇನು ಎಂದು ಈಗಲೇ ಆಲೋಚಿಸಿ ಎಂಬ ಸಲಹೆ. ಅದಕ್ಕೆ ತಕ್ಕ ಉತ್ತರ ಬರಲೇ ಇಲ್ಲ ಎಂಬುದು ಅವರ ದೂರು. ಅಷ್ಟರಲ್ಲಿ ತೈಲ ಕಾರ್ಮಿಕರ ಮುಷ್ಕರ ಖಜಾನೆಯ ಕತ್ತು ಹಿಸುಕಿತ್ತು.

ನಿಮ್ಮ ಪಕ್ಷದಲ್ಲಿ ಇರುವ ಬಲವಾದ ಸಾಕ್ಷ್ಯವನ್ನು ನೀವು ಬರೆದಿಲ್ಲ, ನಾನೇ ಮುಂದಿಡುತ್ತೇನೆ. 1979ರ ಜನವರಿ ಮೊದಲ ವಾರ ಅಮೆರಿಕದ ಜನರಲ್ ಹೈಸರ್ ಟೆಹ್ರಾನ್‌ಗೆ ಬಂದಿಳಿದರು. ಷಾ ದೇಶ ಬಿಡುವುದು ಒಳ್ಳೆಯದು ಎಂಬ ವಾಷಿಂಗ್ಟನ್‌ನ ಸಂದೇಶವನ್ನು ಅರಮನೆಗೆ ಒಯ್ದದ್ದು ಸಲಿವನ್. ಎಲ್ಲಿಗೆ ಹೋಗಲಿ ಎಂದು ಷಾ ಕೇಳಿದರಂತೆ. ತಾನು ಯಾವ ದಿನ, ಯಾವ ಗಂಟೆಗೆ ಹೊರಡುತ್ತೇನೆ ಎಂಬುದಷ್ಟೇ ಅವರಿಬ್ಬರಿಗೆ ಬೇಕಿತ್ತು ಎಂದು ಷಾ ಮುಂದೆ ಕಹಿಯಾಗಿ ಬರೆದರು. ಜನವರಿ 16ರಂದು ಹೊರಟೇ ಹೋದರು. ಇದು ಸೂತ್ರವಲ್ಲವೇ ಎನ್ನಬಹುದು. ಆದರೆ ಹೈಸರ್ ಬಂದದ್ದು ಷಾ ನೇಮಿಸಿದ್ದ ಕೊನೆಯ ಪ್ರಧಾನಿ ಬಖ್ತಿಯಾರ್ ಅವರ ಬೆನ್ನಿಗೆ ಸೇನೆಯನ್ನು ನಿಲ್ಲಿಸಲು. ಫೆಬ್ರವರಿ 11ರಂದು ಅದೇ ಸೇನೆ ತಟಸ್ಥವೆಂದು ಘೋಷಿಸಿ ಬ್ಯಾರಕ್ಕಿಗೆ ಮರಳಿತು. ಎಳೆಯಬೇಕಾದ ಹೊತ್ತಿಗೆ ಎಳೆದಾಗ ಸೂತ್ರದ ಆ ತುದಿಯಲ್ಲಿ ಏನೂ ಇರಲಿಲ್ಲ. ದೊರೆಯನ್ನು ದೇಶದಿಂದ ಹೊರಗೆ ಕಳುಹಿಸಲು ಅಮೆರಿಕದಿಂದ ಸಾಧ್ಯವಾಯಿತು, ಏಕೆಂದರೆ ದೊರೆ ಅವರ ಮಾತು ಕೇಳುತ್ತಿದ್ದರು, ದೇಶ ಕೇಳುತ್ತಿರಲಿಲ್ಲ.

ಎರಡು ದಿನಕ್ಕೊಮ್ಮೆ ಎಂಬಂತೆ ಭೇಟಿಯಾಗುತ್ತಿದ್ದ ಈ ರಾಯಭಾರಿಗಳಿಗೆ ಎದುರಿಗೆ ಕುಳಿತ ಷಾ ಅವರಿಗೆ ಕ್ಯಾನ್ಸರ್ ಇದೆ ಎಂಬುದೂ ಗೊತ್ತಿರಲಿಲ್ಲ. 1974ರಲ್ಲಿ ಫ್ರೆಂಚ್ ವೈದ್ಯರು ಅದನ್ನು ಪತ್ತೆ ಮಾಡಿ, ಗುಟ್ಟಾಗಿ ಬಂದು ಹೋಗಿ ಚಿಕಿತ್ಸೆ ನೀಡುತ್ತಿದ್ದರು. ತೂಕ ಇಳಿದದ್ದು, ಮಂಕಾದದ್ದು ಕಂಡಿತ್ತು, ಕಾರಣ ತಿಳಿದಿರಲಿಲ್ಲ. ಎಲ್ಲ ಬಲ್ಲ ಗೂಢಚಾರರ ಬಗ್ಗೆ ನಿಮಗಿರುವ ಗೌರವ ಇದನ್ನು ಓದಿದ ಮೇಲೆ ಸ್ವಲ್ಪ ಇಳಿಯಬಹುದು.

ಇನ್ನು ಆತ್ಮಕಥೆಗಳ ವಿಷಯ. ಇಲ್ಲಿ ನಿಮ್ಮ ಎಚ್ಚರಿಕೆ ಸರಿಯಾಗಿದೆ. ಪೆಟ್ರೋಗ್ರಾಡ್‌ನ ಫ್ರೆಂಚ್ ರಾಯಭಾರಿ ಪಲಿಯೊಲೋಗ್ 1921–22ರಲ್ಲಿ ಪ್ರಕಟಿಸಿದ ದಿನಚರಿಯಲ್ಲಿ ಭವಿಷ್ಯವಾಣಿಗಳು ಅನುಮಾನ ಬರುವಷ್ಟು ನಿಖರವಾಗಿವೆ. ಅಚ್ಚಿಗೆ ಹೋಗುವ ಮುನ್ನ ತಿದ್ದಿದ್ದಾರೆ ಎಂಬುದು ಇತಿಹಾಸಕಾರರ ಮಾತು. ಆ ದಿನವೇ ಕಳುಹಿಸಿದ ತಂತಿಗಳು ಹಾಗಲ್ಲ. ಟೆಹ್ರಾನ್‌ನ ಮಟ್ಟಿಗೆ ನಮಗೆ ಒಂದು ವಿಚಿತ್ರ ಅನುಕೂಲವಿದೆ: 1979ರ ನವೆಂಬರ್ 4ರಂದು ಅಮೆರಿಕದ ರಾಯಭಾರ ಕಚೇರಿಯನ್ನು ವಶಪಡಿಸಿಕೊಂಡ ವಿದ್ಯಾರ್ಥಿಗಳು, ಯಂತ್ರದಲ್ಲಿ ಚೂರು ಮಾಡಿದ್ದ ಕಾಗದಗಳನ್ನೂ ಎಳೆ ಎಳೆಯಾಗಿ ಜೋಡಿಸಿ ಹಲವು ಸಂಪುಟಗಳಲ್ಲಿ ಅಚ್ಚು ಹಾಕಿದರು. ಗೂಢಚಾರರ ಗೂಡು ಎಂದು ಜಗತ್ತಿಗೆ ತೋರಿಸುವುದು ಅವರ ಉದ್ದೇಶ. ಓದಿದರೆ ಹೆಚ್ಚಾಗಿ ಕಾಣುವುದು ತಡಕಾಡುವ ಅಧಿಕಾರಿಗಳು. ಪಾರ್ಸನ್ಸ್ ತಮ್ಮ 1984ರ ಪುಸ್ತಕದಲ್ಲಿ ಇನ್ನೂ ನೇರವಾಗಿದ್ದಾರೆ: ಮುಲ್ಲಾಗಳು, ವರ್ತಕರು, ವಿದ್ಯಾರ್ಥಿಗಳು ಬೇರೆ ಬೇರೆ ಕಾರಣಕ್ಕೆ ಸಿಟ್ಟಾಗಿದ್ದಾರೆಂದು ಗೊತ್ತಿತ್ತು, ಆ ತೊರೆಗಳೆಲ್ಲ ಸೇರಿ ಒಂದು ಪ್ರವಾಹವಾಗುತ್ತದೆಂದು ಊಹಿಸಲಿಲ್ಲ ಎನ್ನುತ್ತಾರೆ. ತನ್ನ ಬುದ್ಧಿ ಸಾಲಲಿಲ್ಲ ಎನ್ನುವ ರಾಯಭಾರಿಯನ್ನು ನಾನು ನಂಬುತ್ತೇನೆ. ಸುಳ್ಳು ಹೇಳುವವರು ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿ ಕಾಣುವ ಸುಳ್ಳನ್ನು ಆರಿಸಿಕೊಳ್ಳುತ್ತಾರೆ.

ರಾಯಭಾರಿಗಳ ಪುಸ್ತಕಗಳಲ್ಲಿ ಸುಳ್ಳು ಹುಡುಕಲೇಬೇಕೆಂದರೆ ಬೇರೆಡೆ ಹುಡುಕಿ. 1917ರ ಮಾರ್ಚ್‌ನಲ್ಲಿ ಪದಚ್ಯುತ ತ್ಸಾರ್ ಕುಟುಂಬಕ್ಕೆ ಬ್ರಿಟನ್ ಆಶ್ರಯ ನೀಡುವುದಾಗಿ ಹೇಳಿತು. ಏಪ್ರಿಲ್‌ನಲ್ಲಿ ಆ ಮಾತಿನಿಂದ ಹಿಂದೆ ಸರಿಯಿತು. ತಮ್ಮ ಸಿಂಹಾಸನಕ್ಕೇ ಕುತ್ತು ಬಂದೀತೆಂದು ಹೆದರಿ ಒತ್ತಾಯಿಸಿದ್ದು ಸೋದರಸಂಬಂಧಿಯೇ ಆದ ಐದನೆಯ ಜಾರ್ಜ್ ದೊರೆ. ಬುಕಾನನ್ ತಮ್ಮ ಪುಸ್ತಕದಲ್ಲಿ ಇದನ್ನು ಹೇಳಲಿಲ್ಲ. ಆಹ್ವಾನ ಕೊನೆಯವರೆಗೂ ಇತ್ತು ಎಂಬಂತೆ ಬರೆದರು. ನಿಜ ಬರೆದರೆ ಪಿಂಚಣಿ ಹೋಗುತ್ತದೆ ಎಂಬ ಬೆದರಿಕೆ ತಂದೆಗೆ ಇತ್ತು ಎಂದು ಅವರ ಮಗಳು ಮೆರಿಯಲ್ ನಂತರ ಬಹಿರಂಗಪಡಿಸಿದರು. 1979ರ ಮೇ ತಿಂಗಳಲ್ಲಿ ಷಾ ಬಹಾಮಾಸ್‌ನಲ್ಲಿದ್ದಾಗ, ಟೆಹ್ರಾನ್‌ನಲ್ಲಿ ಹಿಂದೆ ಎಂಟು ವರ್ಷ ಬ್ರಿಟಿಷ್ ರಾಯಭಾರಿಯಾಗಿದ್ದ ಡೆನಿಸ್ ರೈಟ್ ಬೇರೆ ಹೆಸರಿನಲ್ಲಿ ಅಲ್ಲಿಗೆ ಹೋಗಿ, ಬ್ರಿಟನ್‌ನಲ್ಲಿ ನಿಮಗೆ ಜಾಗವಿಲ್ಲ ಎಂದು ತಿಳಿಸಿ ಬಂದರು. ಕೆಡವಿದ ಆರೋಪಕ್ಕಿಂತ ಈ ಎರಡು ಸಂಗತಿಗಳ ಮೇಲೆ ನೀವು ಬರೆದರೆ ಹೆಚ್ಚು ಗಟ್ಟಿಯಾಗಿರುತ್ತದೆ. ಪುಟಗಳನ್ನು ಕಾದಿರಿಸುತ್ತೇವೆ.

— ಸಂಪಾದಕ